ಅವನ ಪ್ರಶ್ನೆ ಇನ್ನೂ ಹಾಗೇ ಇದೆ

ಮುಂಬೈ ಹತ್ತಿರದ ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ ಇಷ್ಟು: "ನಮ್ಮದು ಮೂಲ ಬೀದರ್ ಕಡೆ. ಮಗನಿಗೆ ಹದಿನಾರು, ಹನ್ನೊಂದನೇ ಕ್ಲಾಸು. ಜೂನ್‌ನಿಂದ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಾನೆ. ಕೇಳಿದರೆ 'ಕನ್ನಡ ಅರ್ಥ ಆಗಲ್ಲ, ಬೋರ್' ಅನ್ನುತ್ತಾನೆ. ಗೆಳೆಯನ ಜೊತೆ ಠಾಣೆಯಲ್ಲಿ ನಡೆಯುವ ಒಂದು ಇಂಗ್ಲಿಷ್ ಸಭೆಗೆ ಹೋಗಿ ಬಂದಿದ್ದಾನೆ. ನಮ್ಮ ಯೂತ್ ಲೀಡರ್ ವಾಟ್ಸಾಪ್ ಗ್ರೂಪಿನಲ್ಲಿ ಬರದವರ ಹೆಸರು ಹಾಕಿದರು. ಇವನು ಗ್ರೂಪಿನಿಂದಲೇ ಹೊರಬಿದ್ದ. ಫೋನ್ ಕಿತ್ತುಕೋ, ತಾನೇ ದಾರಿಗೆ ಬರ್ತಾನೆ ಅನ್ನುತ್ತಾರೆ ಯಜಮಾನರು. ಈ ವರ್ಷ ಚರ್ಚಿನಲ್ಲಿ ದೃಢೀಕರಣ (ಕನ್ಫರ್ಮೇಶನ್) ಬೇರೆ ಆಗಬೇಕಿತ್ತು. ಒತ್ತಾಯ ಮಾಡಬೇಕಾ, ಬಿಟ್ಟುಬಿಡಬೇಕಾ? ನಾವು ಎಲ್ಲಿ ತಪ್ಪಿದೆವು?"

ಪ್ರಿಯ ಸಹೋದರಿ,

ಕ್ರಿಸ್ತನಲ್ಲಿ ವಂದನೆಗಳು.

ನಿಮ್ಮ ಪತ್ರದಲ್ಲಿ ಜಾಸ್ತಿ ಇರುವುದು ಚರ್ಚು, ಫೋನು, ಠಾಣೆಯ ಸಭೆ ಇವುಗಳ ಮಾತು. ಆದರೆ ಮೂರನೇ ಪುಟದ ನಡುವೆ ಒಂದು ಚಿಕ್ಕ ಪ್ಯಾರಾ ಇದೆ. ನಾನು ಮತ್ತೆ ಮತ್ತೆ ಓದಿದ್ದು ಅದನ್ನೇ.

ಮೇ ತಿಂಗಳಲ್ಲಿ ನಿಮ್ಮ ಅತ್ತೆಯವರು ತೀರಿಕೊಂಡರು. ಆಸ್ಪತ್ರೆಯಲ್ಲಿದ್ದಾಗ ಮಗ ದಿನಾ ಸಾಯಂಕಾಲ ಹೋಗಿ, ಅಜ್ಜಿಯ ದಪ್ಪಕ್ಷರದ ಸತ್ಯವೇದ (ಬೈಬಲ್) ತೆಗೆದು ಕೀರ್ತನೆ ಓದುತ್ತಿದ್ದ. ಒತ್ತಕ್ಷರ ಬಂದ ಕಡೆ ತಡವರಿಸುತ್ತಿದ್ದ. ಅಜ್ಜಿ ಕಣ್ಣು ಮುಚ್ಚಿಕೊಂಡೇ ತಿದ್ದುತ್ತಿದ್ದರು. ಚರ್ಚಿನ ಹಾಡುಗಳ ಸಂಗೀತ ಪುಸ್ತಕ ಮುಂದಿಟ್ಟುಕೊಂಡು ಅವನಿಗೆ ಕನ್ನಡ ಅಕ್ಷರ ಕಲಿಸಿದವರೇ ಅವರು. ಮಣ್ಣು ಕೊಟ್ಟು ಬಂದ ಮೇಲೆ ಮನೆಯಲ್ಲಿ ಅವನು ಒಂದೇ ಸಲ ಕೇಳಿದ: "ನಾವು ಅಷ್ಟು ಪ್ರಾರ್ಥನೆ ಮಾಡಿದ್ವಲ್ಲ, ಮತ್ತೆ ಯಾಕೆ?" ಅಲ್ಲಿದ್ದ ಹಿರಿಯರೊಬ್ಬರು, "ದೇವರ ಚಿತ್ತ ಮಗಾ, ಹಾಗೆಲ್ಲ ಕೇಳಬಾರದು" ಎಂದರು. ನೀವು ಚಹಾ ತರಲು ಒಳಗೆ ಹೋದಿರಿ.

ಅದು ಮೇ. ಜೂನ್‌ನಲ್ಲಿ ಅವನು ಚರ್ಚು ಬಿಟ್ಟ. ಎರಡನ್ನೂ ನೀವೇ ಬರೆದಿದ್ದೀರಿ, ಆದರೆ ಬೇರೆ ಬೇರೆ ಪುಟದಲ್ಲಿ.

ಹಾಗಾಗಿ "ಕನ್ನಡ ಅರ್ಥ ಆಗಲ್ಲ" ಅನ್ನುವ ಅವನ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ಕೂತು ಕೀರ್ತನೆ ಓದಿದ ಹುಡುಗ ಅವನು. ಬೋರ್ ಅನ್ನುವುದು ಮನೆಯಲ್ಲಿ ಜಗಳವಾಗದಂತೆ ಹೇಳಬಹುದಾದ ಕಾರಣ. ಒಳಗಿರುವ ಕಾರಣ ಹೇಳಿದರೆ "ಹಾಗೆಲ್ಲ ಕೇಳಬಾರದು" ಅಂತ ಮತ್ತೆ ಬಾಯಿ ಮುಚ್ಚಿಸುತ್ತಾರೆ ಎಂದು ಅವನಿಗೆ ಗೊತ್ತು. ಒಮ್ಮೆ ಕೇಳಿ ನೋಡಿದ್ದಾನಲ್ಲ.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಸಾವಿನ ಮನೆಯಲ್ಲಿ ಏನಾದರೂ ಹೇಳಲೇಬೇಕು ಅಂತ ನಮಗೆಲ್ಲ ಒಂದು ಒತ್ತಡ ಇರುತ್ತದೆ. ಆದರೆ ಕೇಳಬಾರದು ಅನ್ನುವುದು ಮಾತ್ರ ಸತ್ಯವೇದದ ಮಾತಲ್ಲ. ಯೋಹಾನ 11 ತೆಗೆದು ನೋಡಿ. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನವಾಗಿದೆ. ಯೇಸು ಬರುವ ಸುದ್ದಿ ಕೇಳಿದ ಮಾರ್ಥ ಮನೆಯಲ್ಲಿ ಕೂರುವುದಿಲ್ಲ, ಊರ ಹೊರಗೇ ಹೋಗಿ ಎದುರಾಗುತ್ತಾಳೆ. ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಅದು ನಂಬಿಕೆಯೂ ಹೌದು, ದೂರೂ ಹೌದು. ಆಮೇಲೆ ಅವಳ ತಂಗಿ ಮರಿಯಳೂ ಅದನ್ನೇ ಹೇಳುತ್ತಾಳೆ. ಯೇಸು ಇಬ್ಬರನ್ನೂ ಗದರುವುದಿಲ್ಲ. ಅಳುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದವನೂ ಮೊದಲು ಅತ್ತನು.

ಆದರೆ ಮಗನ ಹತ್ತಿರ ಈ ಅಧ್ಯಾಯದಿಂದ ಶುರು ಮಾಡಬೇಡಿ. ಯಾಕೆಂದರೆ ಲಾಜರ ಎದ್ದು ಬಂದ, ಅಜ್ಜಿ ಬರಲಿಲ್ಲ. ಅವನು ಅದನ್ನೇ ಹಿಡಿಯುತ್ತಾನೆ. ಹಿಡಿಯಲೇಬೇಕು. 88ನೇ ಕೀರ್ತನೆಯಿಂದ ಶುರು ಮಾಡಿ. ನಮ್ಮ ಸಭೆಗಳಲ್ಲಿ ಅದನ್ನು ಓದುವುದು ತೀರಾ ಕಡಿಮೆ. ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಒಂದು ಸ್ತುತಿಗೆ ಬಂದು ನಿಲ್ಲುತ್ತವೆ. ಇದು ಹಾಗಲ್ಲ. ಹಗಲೂ ರಾತ್ರಿ ಕೂಗುತ್ತೇನೆ, ನೀನು ಮುಖ ಮರೆಮಾಡಿಕೊಂಡಿದ್ದೀ ಅನ್ನುತ್ತಾ ಹೋಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಯಾರೂ ಅದಕ್ಕೊಂದು ಸಮಾಧಾನದ ವಚನ ಅಂಟಿಸಲಿಲ್ಲ. ಹಾಗೇ ಸತ್ಯವೇದದಲ್ಲಿ ಉಳಿಸಿಕೊಂಡರು. ಇದು ಹದಿನಾರರ ಹುಡುಗನಿಗೆ ತಿಳಿಯಬೇಕು.

ಓದಿದ ಮೇಲೆ ವಿವರಣೆ ಕೊಡಬೇಡಿ. "ನಿನ್ನ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇಲ್ಲ ಕಣೋ, ಅವತ್ತು ನಾನು ಎದ್ದು ಹೋಗಬಾರದಿತ್ತು" ಅಂದರೆ ಸಾಕು. ಅವನು ಅಲ್ಲೇ ಮಾತಾಡದೆ ಇರಬಹುದು. ನಾಲ್ಕು ದಿನ ಬಿಟ್ಟು, ನೀವು ಚಪಾತಿ ಲಟ್ಟಿಸುವಾಗ ಅಡುಗೆಮನೆ ಬಾಗಿಲಿಗೆ ಬಂದು ನಿಂತು ಏನೋ ಒಂದು ಕೇಳುತ್ತಾನೆ. ಈ ವಯಸ್ಸಿನವರು ಎದುರುಬದುರು ಕೂರಿಸಿದರೆ ಬಾಯಿ ಬಿಡುವುದಿಲ್ಲ. ಧರ್ಮೋಪದೇಶಕಾಂಡ 6ರಲ್ಲಿ ದೇವರ ಮಾತನ್ನು ಮಕ್ಕಳಿಗೆ ಕಲಿಸಿ ಎಂದು ಹೇಳುವಾಗ ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಅಂತಿದೆ. ನೀವು ದೊಡ್ಡ ಕುಟುಂಬ ಪ್ರಾರ್ಥನೆ ಏರ್ಪಡಿಸಿ ಎಲ್ಲರನ್ನೂ ಕರೆಯುವ ಯೋಚನೆಯಲ್ಲಿದ್ದೀರಲ್ಲ, ದಯವಿಟ್ಟು ಈಗ ಬೇಡ. ಅವನಿಗೆ ಅದು ಪಂಚಾಯ್ತಿ ಥರ ಕಾಣುತ್ತದೆ.

ಎಲ್ಲಿ ತಪ್ಪಿದೆವು ಅಂತ ಕೇಳಿದ್ದೀರಿ. ಯೆರೂಸಲೇಮಿನ ಹಬ್ಬ ಮುಗಿಸಿ ಬರುವಾಗ ಹನ್ನೆರಡು ವರ್ಷದ ಯೇಸು ಜೊತೆಗಿಲ್ಲ ಅನ್ನುವುದು ತಾಯಿ ಮರಿಯಳಿಗೂ ಯೋಸೇಫನಿಗೂ ಒಂದು ದಿನದ ದಾರಿ ನಡೆಯುವ ತನಕ ಗೊತ್ತಾಗಿರಲಿಲ್ಲ. ಗುಂಪಿನಲ್ಲೇ ಇದ್ದಾನೆ ಅಂದುಕೊಂಡಿದ್ದರು. ಗೊತ್ತಾದ ಕೂಡಲೇ ತಿರುಗಿ ಹೊರಟರು. ನೀವೂ ಪತ್ರ ಬರೆದಿದ್ದೀರಿ. ಆ ಲೆಕ್ಕ ಅಲ್ಲಿಗೆ ಬಿಡಿ.

ಇನ್ನು ಭಾಷೆಯ ವಿಷಯ. ನಿಮ್ಮ ಮಗನ ಮಟ್ಟಿಗೆ ಅದು ನೆಪ ಇರಬಹುದು. ಆದರೆ ಮುಂಬೈ, ಪುಣೆಯ ನಮ್ಮ ಎಷ್ಟೋ ಮಕ್ಕಳಿಗೆ ಅದು ನೆಪವಲ್ಲ. ಸ್ಕೂಲಲ್ಲಿ ಇಂಗ್ಲಿಷ್, ಬಿಲ್ಡಿಂಗ್ ಕೆಳಗೆ ಆಡುವಾಗ ಹಿಂದಿ, ಮರಾಠಿ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಭಾನುವಾರ ಒಂದೂವರೆ ಗಂಟೆ ಮಾತ್ರ ಅವರಿಗೆ ಹಳೆಗಾಲದ ಕನ್ನಡದಲ್ಲಿ ದೇವರು ಸಿಗಬೇಕು ಅಂದರೆ ಹೇಗೆ? ಕನ್ನಡ ಪತ್ರಿಕೆ ನಡೆಸುವವನಾಗಿ ಇದನ್ನು ಬರೆಯಲು ನನಗೆ ಖುಷಿಯೇನಿಲ್ಲ. ಆದರೂ ಹೇಳುತ್ತೇನೆ. ಮಕ್ಕಳಿಗೆ ಕನ್ನಡ ಉಳಿಸಿಕೊಡುವ ಕೆಲಸವನ್ನು ಯೇಸುವಿನ ಹೆಗಲಿಗೆ ಹೊರಿಸಬೇಡಿ. ಕನ್ನಡಕ್ಕಾಗಿ ಬೇರೆ ಏನಾದರೂ ಮಾಡೋಣ. ಮಗು ಯಾವ ಭಾಷೆಯಲ್ಲಿ ಜಗಳ ಆಡುತ್ತದೋ ಆ ಭಾಷೆಯಲ್ಲೇ ಪ್ರಾರ್ಥನೆ ಮಾಡಲಿ.

ಅಪೊಸ್ತಲ ಪೌಲನ ಜೊತೆಗಾರ ತಿಮೊಥೆಯ ಬೆಳೆದದ್ದೂ ಇಂಥ ಹಲವು ಭಾಷೆಗಳ ಊರಲ್ಲೇ. ಅವನ ಊರಾದ ಲುಸ್ತ್ರದ ಜನ ತಮ್ಮದೇ ಲುಕವೋನ್ಯ ಭಾಷೆಯಲ್ಲಿ ಕೂಗಾಡುತ್ತಿದ್ದರು ಎಂದು ಅಪೊಸ್ತಲರ ಕೃತ್ಯಗಳು 14ರಲ್ಲಿದೆ. ಅವನ ತಾಯಿ ಯೆಹೂದ್ಯಳು, ತಂದೆ ಗ್ರೀಕನು. ಪೌಲನು ಅವನಿಗೆ ಬರೆಯುವಾಗ ನೆನೆಯುವುದು ಅಜ್ಜಿ ಲೋವಿಯನ್ನು, ತಾಯಿ ಯೂನಿಕೆಯನ್ನು. ಅವರ ನಂಬಿಕೆ ನಿನ್ನಲ್ಲೂ ಇದೆ ಅನ್ನುತ್ತಾನೆ. ನಿಮ್ಮ ಮಗನಿಗೂ ನಂಬಿಕೆ ಅಜ್ಜಿಯಿಂದಲೇ ಬಂತು. ಹಾಗಾಗಿ ಚರ್ಚಿನಲ್ಲಿ ಅಜ್ಜಿ ಕೂರುತ್ತಿದ್ದ ಬೆಂಚು ಅವನಿಗೆ ಸುಲಭವಲ್ಲ. ಠಾಣೆಯ ಸಭೆಯಲ್ಲಿ ಅಂಥ ಬೆಂಚಿಲ್ಲ. ಅಲ್ಲಿಗೆ ಹೋದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಹೋಗಲಿ ಬಿಡಿ. ಒಂದು ಭಾನುವಾರ ನೀವೂ ಜೊತೆಗೆ ಹೋಗಿ. ಕಿವಿಗೆ ಸ್ವಲ್ಪ ಹತ್ತಿ ಇಟ್ಟುಕೊಂಡರೂ ನಡೆಯುತ್ತದೆ, ಸ್ಪೀಕರು ಜೋರಿರುತ್ತದೆ. ಅಲ್ಲಿ ಏನು ಕಲಿಸುತ್ತಾರೆ, ಹಣದ ಮಾತು ಎಷ್ಟು ಬರುತ್ತದೆ, ನಡೆಸುವವರು ಯಾರಿಗೆ ಲೆಕ್ಕ ಒಪ್ಪಿಸುತ್ತಾರೆ ಅಂತ ನೋಡಿಕೊಂಡು ಬನ್ನಿ. ಸರಿಯಾಗಿದ್ದರೆ ತಿಂಗಳಿಗೊಮ್ಮೆ, ಕರ್ತನ ಭೋಜನದ ಭಾನುವಾರ, ಮನೆಯವರ ಜೊತೆ ಬಾ ಎಂದು ಕೇಳಿ. ಮಿಕ್ಕ ಭಾನುವಾರ ಅವನಿಷ್ಟ. ನಿಮ್ಮ ಎರಡು ದಾರಿಗಳಿಗಿಂತ, ಅಂದರೆ ಒತ್ತಾಯಕ್ಕಿಂತ ಅಥವಾ ಪೂರ್ತಿ ಕೈಬಿಡುವುದಕ್ಕಿಂತ, ಇದು ವಾಸಿ. ಫೋನ್ ಕಿತ್ತುಕೊಂಡರೆ ಹುಡುಗ ಚರ್ಚಿಗೆ ಬರುತ್ತಾನೆ, ನಿಜ. ಫೋನಿಗಾಗಿ ಬರುತ್ತಾನೆ. ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಅಂತ ಪೌಲನು ಎಫೆಸದವರಿಗೆ ಬರೆದಾಗ ಹೆಸರು ಹಿಡಿದು ಹೇಳಿದ್ದು ತಂದೆಗಳಿಗೆ.

ದೃಢೀಕರಣ ಈ ವರ್ಷ ಬೇಡ. ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನೀವು ಮಾತು ಕೊಟ್ಟಿರಿ. ದೃಢೀಕರಣದಲ್ಲಿ ಅದೇ ಮಾತನ್ನು ಅವನ ಬಾಯಿಂದ ಕೇಳುತ್ತಾರೆ. ನಾಲ್ಕು ಜನ ಏನಂದುಕೊಳ್ತಾರೋ ಅಂತ ಅವನನ್ನು ಸಭೆಯ ಮುಂದೆ ಮೊಣಕಾಲೂರಿಸಿ ಸುಳ್ಳು ಹೇಳಿಸಬೇಕಾ?

ಪ್ರಶ್ನೆ ಕೇಳುವವರು ಕೈತಪ್ಪಿ ಹೋಗುತ್ತಾರೆ ಅನ್ನುವ ಭಯ ಇದ್ದರೆ ಪಂಡಿತಾ ರಮಾಬಾಯಿಯವರನ್ನು ನೆನೆಸಿಕೊಳ್ಳಿ. ಮನೆಮಾತು ಮರಾಠಿಯಾದರೂ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿಗಳು ಕಾರ್ಕಳದ ಹತ್ತಿರದ ಮಾಳದವರು. ಹದಿಹರೆಯದಲ್ಲೇ ಬರಗಾಲಕ್ಕೆ ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಆಯಿತು. ಆದರೆ ಅಲ್ಲಿಗೆ ಪ್ರಶ್ನೆ ನಿಲ್ಲಲಿಲ್ಲ. ತಮಗೆ ಕಲಿಸಿದ ಸನ್ಯಾಸಿನಿಯರ ಜೊತೆಗೇ ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರೆಂಬ ತ್ರಯೈಕ್ಯದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ಕಾಗದದ ಮೇಲೆ ಕಾಗದ ಬರೆದು ವಾದ ಮಾಡಿದರು. "ಆಗ ನನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ. ಅದು ತಿಳಿಯಲು ಎಂಟು ವರ್ಷ ಹಿಡಿಯಿತು" ಎಂಬ ಅರ್ಥದ ಮಾತನ್ನು ಅವರೇ ಆಮೇಲೆ ಬರೆದಿದ್ದಾರೆ. ಪುಣೆ ಹತ್ತಿರದ ಕೇಡಗಾಂವದಲ್ಲಿ ಬರಗಾಲದ ಹೆಣ್ಣುಮಕ್ಕಳಿಗೆ ಮನೆ ಕಟ್ಟಿದ್ದು, ಸತ್ಯವೇದವನ್ನು ಮರಾಠಿಗೆ ತಂದಿದ್ದು ಈ ಪ್ರಶ್ನೆ ಕೇಳುವ ಹೆಂಗಸೇ.

ನಿಮ್ಮ ಯೂತ್ ಲೀಡರಿಗೆ ಈ ಸಂಚಿಕೆ ತೋರಿಸಿ. ತಮ್ಮಾ, ನಿನ್ನ ಶ್ರಮ ನನಗೆ ಗೊತ್ತು. ವಾರವಿಡೀ ಕೆಲಸ ಮಾಡಿ, ಭಾನುವಾರ ದುರಸ್ತಿಗೆ ಲೋಕಲ್ ರೈಲು ಕಡಿಮೆ ಮಾಡುವ ಮೆಗಾಬ್ಲಾಕಿನಲ್ಲಿ ಅರ್ಧ ಗಂಟೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬರ್ತೀಯ. ಬಂದರೆ ಮೂರು ಮಕ್ಕಳು. ಉಳಿದವರಿಗೆ ಕೋಚಿಂಗ್ ಕ್ಲಾಸಿನ ಟೆಸ್ಟು. ಬೇಜಾರಾಗುತ್ತದೆ. ಆದರೂ ಬರದವರ ಹೆಸರನ್ನು ಗ್ರೂಪಿನಲ್ಲಿ ಹಾಕಬೇಡ. ಒಬ್ಬೊಬ್ಬರಿಗೇ ಫೋನ್ ಮಾಡು, "ಯಾಕೆ ಬರಲಿಲ್ಲ" ಅನ್ನಬೇಡ, "ಹೇಗಿದ್ದೀಯ" ಅನ್ನು. ಬಂದ ಮೂವರಿಗೆ ಆಟ ಆಡಿಸುವುದಕ್ಕಿಂತ ಒಂದು ನಿಜವಾದ ಕೆಲಸ ಕೊಡು. ಹಾಡಿನ ಸಾಲು ಪರದೆಗೆ ಹಾಕುವುದು, ಮೈಕ್ ನೋಡಿಕೊಳ್ಳುವುದು, ನಡೆಯಲಾಗದ ಹಿರಿಯರ ಮನೆಗೆ ನಿನ್ನ ಜೊತೆ ಬರುವುದು. ಈ ಹುಡುಗನನ್ನು ನೋಡಲು ಹೋಗುವುದಾದರೆ ಅಜ್ಜಿಯ ಬಗ್ಗೆ ಕೇಳು. ಒಬ್ಬನನ್ನೇ ಮಾತಾಡಿಸುವಾಗ ಬಾಗಿಲು ತೆಗೆದಿರಲಿ, ಮನೆಯಲ್ಲಿ ಇನ್ನೊಬ್ಬ ದೊಡ್ಡವರಿರಲಿ. ಇದು ಎಲ್ಲ ಯೂತ್ ಲೀಡರುಗಳಿಗೂ ಹೇಳುವ ಮಾತು.

ಸಹೋದರಿ, ಒಂದು ಎಚ್ಚರಿಕೆ. ಅವನು ರಾತ್ರಿ ನಿದ್ದೆ ಮಾಡದೆ, ಊಟ ಬಿಟ್ಟು, ಗೆಳೆಯರನ್ನೂ ದೂರ ಮಾಡಿದರೆ, ಬದುಕು ಬೇಡ ಅನ್ನುವಂಥ ಮಾತಾಡಿದರೆ, ಅದನ್ನು ಬರೀ ಆತ್ಮಿಕ ಸಮಸ್ಯೆ ಅಂತ ತಿಳಿಯಬೇಡಿ. ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಪ್ರಾರ್ಥನೆಯೂ ಇರಲಿ, ಡಾಕ್ಟರೂ ಇರಲಿ.

ಕೊನೆಗೆ ನಿಮ್ಮ ಯಜಮಾನರ ವಿಷಯ. ಪತ್ರದಲ್ಲಿ ಅವರು ಸಿಟ್ಟು ಮಾಡಿಕೊಳ್ಳುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಆದರೆ ಮೇ ತಿಂಗಳಲ್ಲಿ ತೀರಿಕೊಂಡದ್ದು ಅವರ ತಾಯಿ. ಅವರು ಅತ್ತದ್ದನ್ನು ಮಗ ನೋಡಿದ್ದಾನಾ? ಅಮ್ಮನ ಬಗ್ಗೆ ಅವರು ಅವನ ಹತ್ತಿರ ಒಂದು ಮಾತಾದರೂ ಆಡಿದ್ದಾರಾ? 88ನೇ ಕೀರ್ತನೆಯನ್ನು ನಿಮಗಿಂತ ಅವರು ಓದಿದರೆ ಒಳ್ಳೆಯದು ಅಂತ ನನಗನ್ನಿಸುತ್ತದೆ. ಅವರಿಗೆ ಓದಲು ಆಗದಿದ್ದರೆ ಮಗನೇ ಓದಲಿ, ಇವರು ಕೇಳಲಿ. ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಆಗುವ ಕೆಲಸವಲ್ಲ, ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ನೋಡಿ. ನೀವು ಬೇಕಾದರೆ ಹತ್ತಿರದಲ್ಲೇ ಇರಿ, ಆದರೆ ಈ ಸಲ ಚಹಾ ತರಲು ಏಳಬೇಡಿ. ಏನಾಯಿತು ಅಂತ ನನಗೆ ಬರೆಯಿರಿ. ಅಚ್ಚು ಹಾಕುವುದಿಲ್ಲ.

ಸಂಪಾದಕ