ಚೆನ್ನಾಗಿ ತಿನ್ನುವ ಬಡ್ಜಿ ಸೊರಗುತ್ತಿದ್ದರೆ ಏನು ಮಾಡಬೇಕು?

ನಿಮ್ಮ ಬಡ್ಜಿ, ಅಂದರೆ ಪಂಜರದಲ್ಲಿ ಸಾಕುವ ಪುಟ್ಟ ಗಿಳಿ, ದಿನವಿಡೀ ಕಾಳಿನ ಬಟ್ಟಲು ಬಿಟ್ಟು ಕದಲುವುದಿಲ್ಲ, ಆದರೂ ಸೊರಗುತ್ತಿದೆ, ಹಿಕ್ಕೆಯಲ್ಲಿ ನವಣೆ ಹಾಗೇ ಕಾಣುತ್ತಿದೆ ಅಂತ ಬರೆದಿದ್ದೀರಿ. ಅಂಗಡಿಯವರು ಕೊಟ್ಟ ಆಂಟಿಬಯಾಟಿಕ್ ಪುಡಿಯನ್ನು ನೀರಿಗೆ ಹಾಕಲೇ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಬಡ್ಜಿಗಳಲ್ಲಿ ಈ ಲಕ್ಷಣಗಳು ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಮ್ಯಾಕ್ರೊರಾಬ್ಡಸ್ ಎಂಬ ಶಿಲೀಂಧ್ರವನ್ನು. ಹಕ್ಕಿ ಸಾಕುವವರು ಮೆಗಾಬ್ಯಾಕ್ಟೀರಿಯಾ ಅನ್ನುವುದೂ ಇದನ್ನೇ. ಆಂಟಿಬಯಾಟಿಕ್‌ಗೆ ಇದು ಜಗ್ಗುವುದಿಲ್ಲ. ಮೇಲಾಗಿ ನೀರು ಕಹಿಯಾದರೆ ಹಕ್ಕಿ ಕುಡಿಯುವುದನ್ನೇ ಬಿಡುತ್ತದೆ.

ಹಕ್ಕಿಗಳ ಹೊಟ್ಟೆಯಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಕಾಳಿಗೆ ಜೀರ್ಣರಸ ಸೇರುತ್ತದೆ, ಎರಡನೆಯದು ಅದನ್ನು ಅರೆಯುತ್ತದೆ. ಇವೆರಡೂ ಕೂಡುವ ಜಾಗದಲ್ಲೇ ಈ ಶಿಲೀಂಧ್ರ ಬೀಡುಬಿಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ, ಅದಕ್ಕೇ ಹಸಿವು ಹೆಚ್ಚು. ‘ತಿನ್ನುತ್ತಿದೆಯಲ್ಲ, ಏನೂ ಆಗಿಲ್ಲ’ ಅಂತ ಮನೆಯವರು ಸುಮ್ಮನಾಗುವುದು ಇಲ್ಲೇ. ಎಷ್ಟೋ ಸಲ ಅದು ಕಾಳು ಬಿಡಿಸಿ ಉದುರಿಸುತ್ತಿರುತ್ತದೆ ಅಷ್ಟೇ, ನುಂಗುತ್ತಿರುವುದಿಲ್ಲ.

ಹಿಕ್ಕೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ, ಒಂದೆರಡು ಗಂಟೆ ಬಿಡಿ. ಬಡ್ಜಿ ಸಿಪ್ಪೆ ಸುಲಿದೇ ಕಾಳು ನುಂಗುತ್ತದೆ. ಆದ್ದರಿಂದ ಹಿಕ್ಕೆಯ ಮೇಲೆ ಸಿಪ್ಪೆ ಸಮೇತ ನವಣೆ ಇದ್ದರೆ ಅದು ಮೇಲಿನ ಬಟ್ಟಲಿಂದ ಬಿದ್ದದ್ದು, ಚಿಂತೆ ಬೇಡ. ಸಿಪ್ಪೆಯಿಲ್ಲದ ನುಣುಪು ಕಾಳು ಹಿಕ್ಕೆಯೊಳಗೇ ಸೇರಿಕೊಂಡಿದ್ದರೆ ಮಾತ್ರ ಅದು ಜೀರ್ಣವಾಗದೆ ಹೊರಬಂದದ್ದು. ಇನ್ನೊಂದು ವಿಷಯ: ಆರೋಗ್ಯವಂತ ಹಿಕ್ಕೆಯಲ್ಲಿ ಹಸಿರು ಅಥವಾ ಕಂದು ಮಲ, ಬಿಳಿ ಯೂರೇಟ್ (ಮೂತ್ರದ ಗಟ್ಟಿ ಅಂಶ), ತಿಳಿಯಾದ ಮೂತ್ರ, ಮೂರೂ ಬೇರೆಬೇರೆಯಾಗಿ ಕಾಣುತ್ತವೆ. ಸೌತೆಕಾಯಿ ತಿಂದ ದಿನ ಸುತ್ತ ನೀರು ಜಾಸ್ತಿಯಾದರೆ ಅದು ಭೇದಿಯಲ್ಲ. ಮಲವೇ ಆಕಾರ ಕಳೆದುಕೊಂಡು ಕದಡಿದ್ದರೆ ಭೇದಿ.

ವಾಂತಿಯ ವಿಷಯದಲ್ಲೂ ಹೀಗೇ ಗೊಂದಲವಾಗುತ್ತದೆ. ತಲೆ ಮೇಲೆ ಕೆಳಗೆ ಆಡಿಸುತ್ತಾ ಕನ್ನಡಿಗೋ ಜೊತೆಗಾರನಿಗೋ ಕಾಳು ಉಣಿಸುವುದು ಪ್ರಣಯದ ರೀತಿ. ತಲೆ ಒದರಿ ಕಾಳು ಎರಚಿ, ನೆತ್ತಿಯ ಗರಿಗಳೆಲ್ಲ ಅಂಟಂಟಾಗಿದ್ದರೆ ಅದು ಕಾಯಿಲೆ.

ಇನ್ನು ತೂಕ. ಒಂದೊಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬೆಳಗ್ಗೆ ಕಾಳು ಹಾಕುವ ಮೊದಲು ತೂಗಿ ಬರೆದಿಡಿ. ಸಾಮಾನ್ಯ ಬಡ್ಜಿ 30ರಿಂದ 40 ಗ್ರಾಂ ಇರುತ್ತದೆ. ಹಾಗಾಗಿ 3-4 ಗ್ರಾಂ ಇಳಿದರೂ ಮೈತೂಕದ ಹತ್ತನೇ ಒಂದು ಭಾಗ ಹೋದಂತೆ, ಅಷ್ಟಾದರೆ ಕಾಯಬಾರದು. ಎದೆಯ ನಡುವೆ ಬೆರಳಾಡಿಸಿ ನೋಡಿ. ಮೂಳೆ ಚೂರಿಯ ಅಂಚಿನ ಹಾಗೆ ಕೈಗೆ ಸಿಕ್ಕರೆ ಹಕ್ಕಿ ಬಹಳ ಇಳಿದಿದೆ ಅಂತ. ಗರಿ ಉಬ್ಬಿಸಿ ಕೂತಾಗ ದಪ್ಪಗೇ ಕಾಣುತ್ತದೆ, ಕಣ್ಣಂದಾಜು ನಂಬಬೇಡಿ.

ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿಗೇ ಹೋಗಿ. ಬೆಂಗಳೂರಿನ ಹತ್ತಿರವಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಆವತ್ತಿನ ತಾಜಾ ಹಿಕ್ಕೆಯನ್ನು ಒಣಗದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ಈ ಶಿಲೀಂಧ್ರ ಉದ್ದನೆಯ ಕಡ್ಡಿಗಳಾಗಿ ಕಾಣುತ್ತದೆ. ಆದರೆ ದಿನಾ ಹೊರಬೀಳುವುದಿಲ್ಲ, ಒಂದು ಸಲ ಕಾಣದಿದ್ದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಲು ನೀವೇ ಕೇಳಿ. ಸಾಮಾನ್ಯವಾಗಿ ಕೊಡುವ ಔಷಧ ಆಂಫೋಟೆರಿಸಿನ್ ಬಿ. ಅದನ್ನು ಕೊಕ್ಕಿಗೇ, ದಿನಕ್ಕೆರಡು ಸಲ, ವಾರಗಟ್ಟಲೆ ಹಾಕಬೇಕಾಗುತ್ತದೆ. ಪ್ರಮಾಣ ವೈದ್ಯರೇ ಹೇಳಲಿ. ಇಷ್ಟು ಪುಟ್ಟ ಜೀವಕ್ಕೆ ಒಂದು ಹನಿಯ ವ್ಯತ್ಯಾಸವೂ ದೊಡ್ಡದು. ಚೇತರಿಸಿಕೊಂಡಂತೆ ಕಂಡ ಕೂಡಲೇ ನಿಲ್ಲಿಸಬೇಡಿ, ಈ ರೋಗ ಮರುಕಳಿಸುತ್ತದೆ. ಹಕ್ಕಿಗಳ ಹೊಟ್ಟೆಯ ನರಗಳನ್ನು ಕೆಡಿಸುವ ಬೋರ್ನಾವೈರಸ್, ಸತು ಅಥವಾ ಸೀಸದ ವಿಷ ಕೂಡ ಹೀಗೇ ಕಾಣಿಸಬಹುದು. ಹಕ್ಕಿ ಪಂಜರದ ತುಕ್ಕು, ಬಣ್ಣ, ಆಟದ ಗಂಟೆ ಕಡಿಯುತ್ತಿದ್ದರೆ ವೈದ್ಯರಿಗೆ ಮರೆಯದೆ ಹೇಳಿ.

ಅಲ್ಲಿಯವರೆಗೆ ಪಂಜರದ ಒಂದು ಬದಿ ಮಾತ್ರ ಬೆಚ್ಚಗಿರಲಿ, ಸುಮಾರು 30 ಡಿಗ್ರಿ. ಸೆಕೆಯಾದರೆ ಅದು ಇನ್ನೊಂದು ಬದಿಗೆ ಸರಿಯಬೇಕು. ಕೊಕ್ಕು ತೆರೆದು ಏದುತ್ತಿದ್ದರೆ ಶಾಖ ಹೆಚ್ಚಾಗಿದೆ. ಒಗ್ಗಿದ ಕಾಳನ್ನೇ ಕೊಡಿ, ಹೊಸ ಆಹಾರಕ್ಕೆ ಇದು ಸಮಯವಲ್ಲ. ಜೀರ್ಣಕ್ಕೆ ಒಳ್ಳೆಯದು ಅಂತ ಮಾರುವ ಗ್ರಿಟ್ ಕಲ್ಲು ತೆಗೆದುಬಿಡಿ. ಸಿಪ್ಪೆ ಸುಲಿದು ತಿನ್ನುವ ಹಕ್ಕಿಗೆ ಅದರ ಅಗತ್ಯವಿಲ್ಲ, ಕಾಯಿಲೆಯಲ್ಲಿ ಹೊಟ್ಟೆಯಲ್ಲೇ ಕಟ್ಟಿಕೊಳ್ಳುವ ಅಪಾಯವಿದೆ. ಹಾಲು ಕುಡಿಸಬೇಡಿ. ಹಕ್ಕಿ ಪಂಜರದ ತಳದಲ್ಲಿ ಕೂತರೆ, ಹಿಕ್ಕೆ ಟಾರಿನಂತೆ ಕಪ್ಪಾದರೆ, ರಕ್ತ ಕಂಡರೆ ಅಥವಾ ವಾಂತಿ ನಿಲ್ಲದಿದ್ದರೆ ನಾಳೆಗೆ ಮುಂದೂಡಬೇಡಿ, ಆ ದಿನವೇ ಕರೆದೊಯ್ಯಿರಿ.

ಬಿಳಿ ಇರಬೇಕಾದ ಯೂರೇಟ್ ಹಳದಿ-ಹಸಿರಾಗಿದ್ದರೆ ಸಿಟಕೋಸಿಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಇದು ಮನುಷ್ಯರಿಗೂ ಹರಡುತ್ತದೆ. ಒಣ ಹಿಕ್ಕೆಯನ್ನು ಗುಡಿಸದೆ, ಕಾಗದ ಒದ್ದೆಮಾಡಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಮನೆಯಲ್ಲಿ ಯಾರಿಗಾದರೂ ಜ್ವರ, ಒಣಕೆಮ್ಮು ಬಂದರೆ ಹಕ್ಕಿ ಸಾಕಿರುವ ವಿಷಯ ಡಾಕ್ಟರಿಗೆ ಹೇಳಿ.

ಜೊತೆಗಾರ ಹಕ್ಕಿ ಇದ್ದರೆ ಬೇರೆ ಪಂಜರಕ್ಕೆ ಹಾಕಿ, ಗಟ್ಟಿಯಾಗಿ ಕಂಡರೂ ಅದರ ಹಿಕ್ಕೆಯನ್ನೂ ಪರೀಕ್ಷೆ ಮಾಡಿಸಿ. ಲಕ್ಷಣವೇ ಇಲ್ಲದೆ ಈ ಶಿಲೀಂಧ್ರ ಹೊತ್ತು ತಿರುಗುವ ಬಡ್ಜಿಗಳು ಬಹಳ.