ಸಂವಹನ ಪದವಿಯ ನಂತರ ವೀಸಾ ಸಿಗುವ ಕೆಲಸ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಹಳ್ಳಿ. ಅಡಿಕೆ ತೋಟದ ಮೇಲೆ ಸಾಲ ಮಾಡಿ ಮಗಳನ್ನು ಅಮೆರಿಕದಲ್ಲಿ ಸಂವಹನ ವಿಷಯದ ಸ್ನಾತಕೋತ್ತರ ಪದವಿಗೆ ಕಳುಹಿಸಿದೆವು. ಮೇ ತಿಂಗಳಲ್ಲಿ ಓದು ಮುಗಿಯುತ್ತದೆ. ವೀಸಾ ಕೊಡಿಸುವ ಕೆಲಸವನ್ನು ಅವಳು ಎಲ್ಲಿ ಹುಡುಕಬೇಕು?

ಉತ್ತರ: ನಿಮ್ಮ ಮಗಳು ಮೊದಲು ವಿಶ್ವವಿದ್ಯಾಲಯ ತನಗೆ ಕೊಟ್ಟ ಐ-20 ಎಂಬ ಪ್ರವೇಶ ಪತ್ರದಲ್ಲಿ ವಿಷಯದ ಹೆಸರಿನ ಜೊತೆಗಿರುವ ಆರಂಕಿಯ ಸಂಕೇತವನ್ನು ನೋಡಲಿ. ಓದಿನ ನಂತರ ಒಪಿಟಿಯಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ತನ್ನ ವಿಷಯದ ಕೆಲಸ ಮಾಡಲು ಕೊಡುವ ಅನುಮತಿಯಲ್ಲಿ, ಸಿಗುವುದು 12 ತಿಂಗಳು. ಆದರೆ ಸಂಕೇತ 09.0702, ಅಂದರೆ ಡಿಜಿಟಲ್ ಸಂವಹನ ಮತ್ತು ಮಲ್ಟಿಮೀಡಿಯಾ ಎಂದಿದ್ದರೆ, ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವುದರಿಂದ ಮತ್ತೆ 24 ತಿಂಗಳ ವಿಸ್ತರಣೆಗೆ ಅರ್ಜಿ ಹಾಕಬಹುದು. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ.

ಆಮೇಲೆ ಅಲ್ಲೇ ಕೆಲಸದಲ್ಲಿ ಮುಂದುವರಿಯಲು ಬೇಕಾಗುವ ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ವರ್ಷಕ್ಕೆ 85,000ದ ಮಿತಿಯಿದ್ದು, ಲಾಟರಿಯ ಅನಿಶ್ಚಿತತೆ ಇದೆ. ವಿಶ್ವವಿದ್ಯಾಲಯಗಳಿಗೂ ಲಾಭರಹಿತ ಸಂಶೋಧನಾ ಸಂಸ್ಥೆಗಳಿಗೂ ಈ ಮಿತಿ ಅನ್ವಯಿಸುವುದಿಲ್ಲವಾದ್ದರಿಂದ, ಅವುಗಳ ಸಂವಹನ ವಿಭಾಗಗಳಲ್ಲೇ ಮೊದಲು ಪ್ರಯತ್ನಿಸುವುದು ಒಳ್ಳೆಯದೆಂದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಬೇಕಾಗುವುದು ವಿಜ್ಞಾನವನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆಯುವ ಶಕ್ತಿ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನಕಾಯಿಲೆಯ ಬಗ್ಗೆ, ದರಗು ತರಲು ಕಾಡಿಗೆ ಹೋಗುವ ಹೆಂಗಸು ಉಣುಗಿನಿಂದ ಹೇಗೆ ರಕ್ಷಿಸಿಕೊಳ್ಳಬೇಕೆಂದು ವಿವರಿಸುವ ಲೇಖನವೊಂದನ್ನು ಅವಳು ಬರೆದು ಮಾದರಿಯಾಗಿ ಅರ್ಜಿಯೊಂದಿಗೆ ಕಳುಹಿಸಲಿ. ಅಂಥ ಅನುಭವ ಅವಳ ಸಹಪಾಠಿಗಳಲ್ಲಿ ಹೆಚ್ಚಿನವರಿಗೆ ಇರಲಾರದು.

ವೀಸಾ ಕೊಡಿಸುತ್ತೇವೆಂದು ನಿಮ್ಮಿಂದ ಹಣ ಕೇಳುವವರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಎಚ್-1ಬಿ ಅರ್ಜಿ ಸಲ್ಲಿಸಬೇಕಾದುದು ಕೆಲಸ ಕೊಡುವ ಸಂಸ್ಥೆಯೇ.