ಹಾಲಿಡೇ ವಿಲೇಜ್‌ನ ಮೇಲುಖರ್ಚನ್ನು ಹೊರಡುವ ಮುನ್ನವೇ ಲೆಕ್ಕ ಹಾಕುವುದು ಹೇಗೆ?

ನಮಸ್ಕಾರ. ಹಾಲಿಡೇ ವಿಲೇಜ್‌ನಲ್ಲಿ, ಅಂದರೆ ಬಾಡಿಗೆ ಮನೆ, ಈಜುಕೊಳ, ಆಟಗಳೆಲ್ಲ ಒಂದೇ ಆವರಣದಲ್ಲಿರುವ ರಜಾ ಗ್ರಾಮದಲ್ಲಿ, 4 ರಾತ್ರಿ ತಂಗಲು ಮನೆಯ ಬಾಡಿಗೆಯನ್ನು ಪೂರ್ತಿ ಕಟ್ಟಿದ್ದೀರಿ. ನೀವಿಬ್ಬರು, 11 ಮತ್ತು 6 ವರ್ಷದ ಇಬ್ಬರು ಮಕ್ಕಳು, ಜೊತೆಗೆ ನಿಮ್ಮ ಅತ್ತೆಯವರು, ಹೀಗೆ ಒಟ್ಟು 5 ಜನ ಹೊರಟಿದ್ದೀರಿ. ಬಾಡಿಗೆಯ ಮೇಲೆ ಇನ್ನೆಷ್ಟು ಹಣ ತೆಗೆದಿಡಬೇಕು ಎಂಬುದು ನಿಮ್ಮ ಪ್ರಶ್ನೆ. ಇದಕ್ಕೆ ಇಲ್ಲಿ ಉತ್ತರಿಸಿದವರಲ್ಲಿ ಒಬ್ಬರು ಬಾಡಿಗೆಯ ಮೂರನೇ ಒಂದು ಭಾಗವನ್ನು ಸೇರಿಸಿಕೊಳ್ಳಿ ಎಂದಿದ್ದಾರೆ. ಇನ್ನೊಬ್ಬರು ಕಾರ್ಡ್ ಇದ್ದರೆ ಸಾಕು, ಅಲ್ಲಿ ಹೋಗಿ ನೋಡಿಕೊಂಡರಾಯಿತು ಎಂದಿದ್ದಾರೆ. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ಬಾಡಿಗೆಯು ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಶಾಲೆಗೆ ರಜೆಯಿರುವ ವಾರದಲ್ಲಿ ಒಂದು ದರ, ಉಳಿದ ದಿನಗಳಲ್ಲಿ ಮತ್ತೊಂದು ದರ. ಆದರೆ ಸೈಕಲ್ ಬಾಡಿಗೆಯಾಗಲಿ, ಒಂದು ತಟ್ಟೆ ಊಟದ ಬೆಲೆಯಾಗಲಿ ಅದರ ಜೊತೆಗೇ ಇಳಿಯುವುದಿಲ್ಲ. ಕಡಿಮೆ ಬಾಡಿಗೆಯ ವಾರದಲ್ಲಿ ಹೋದವರಿಗೆ ಮೂರನೇ ಒಂದು ಭಾಗವೆಂಬ ಲೆಕ್ಕ ಸಾಲದೇ ಬರುತ್ತದೆ, ದುಬಾರಿ ವಾರದಲ್ಲಿ ಹೋದವರಿಗೆ ಅದೇ ಲೆಕ್ಕ ಅನಗತ್ಯವಾಗಿ ಹೆಚ್ಚಾಗುತ್ತದೆ. ಮೇಲುಖರ್ಚನ್ನು ಶೇಕಡಾವಾರು ಹಿಡಿಯದೆ ತಲೆ, ಹೊತ್ತು ಮತ್ತು ಸಲಗಳಲ್ಲಿ ಎಣಿಸಬೇಕು ಎಂಬುದು ನಾನು ಕಂಡುಕೊಂಡ ಕ್ರಮ.

ಎಣಿಸುವುದಕ್ಕೆ ಮೊದಲು ಬಾಡಿಗೆಯೊಳಗೆ ಏನೇನು ಬರುತ್ತದೆ ಎಂದು ತಿಳಿದಿರಬೇಕು. ಇದರಲ್ಲಿ ಎರಡು ಪರಂಪರೆಗಳಿವೆ. 1936ರಲ್ಲಿ ಬಿಲ್ಲಿ ಬಟ್ಲಿನ್ ಅವರು ಇಂಗ್ಲೆಂಡಿನ ಸ್ಕೆಗ್‌ನೆಸ್‌ನಲ್ಲಿ ತೆರೆದ ರಜಾ ಶಿಬಿರದಲ್ಲಿ ವಸತಿ, ದಿನಕ್ಕೆ ಮೂರು ಹೊತ್ತಿನ ಊಟ ಮತ್ತು ಮನರಂಜನೆ ಎಲ್ಲವೂ ವಾರಕ್ಕೆ ಕಟ್ಟುವ ಒಂದೇ ಮೊತ್ತದಲ್ಲಿ ಸೇರಿದ್ದವು. 1968ರಲ್ಲಿ ಪೀಟ್ ಡೆರ್ಕ್‌ಸೆನ್ ಅವರು ನೆದರ್‌ಲ್ಯಾಂಡ್ಸ್‌ನಲ್ಲಿ ಆರಂಭಿಸಿದ, ಮುಂದೆ ಸೆಂಟರ್ ಪಾರ್ಕ್ಸ್ ಎಂದು ಹೆಸರಾದ ಮಾದರಿ ಬೇರೆಯದು. ಅಲ್ಲಿ ಮರಗಳ ನಡುವೆ ಅಡುಗೆಮನೆಯಿರುವ ಬಂಗಲೆಯನ್ನು ಬಾಡಿಗೆಗೆ ಕೊಡುತ್ತಾರೆ. ಊಟ ನಿಮ್ಮದು, ಈಜುಕೊಳ ಬಾಡಿಗೆಯಲ್ಲೇ ಸೇರಿರುತ್ತದೆ, ಉಳಿದ ಬಹುಪಾಲು ಆಟಗಳಿಗೆ ಪ್ರತ್ಯೇಕವಾಗಿ ಹಣ ಕಟ್ಟಬೇಕು. ನೀವು ಅಡುಗೆಮನೆಯಿರುವ ಮನೆಯನ್ನು ಹಿಡಿದಿರುವುದಾಗಿ ಬರೆದಿರುವುದರಿಂದ ನಿಮ್ಮದು ಎರಡನೆಯ ಬಗೆಯದು ಎಂದುಕೊಂಡು ಮುಂದಿನದನ್ನು ಬರೆಯುತ್ತಿದ್ದೇನೆ.

ಬುಕ್ಕಿಂಗ್ ಪತ್ರವನ್ನು ಕೈಯಲ್ಲಿ ಹಿಡಿದು ಮೊದಲು ನೋಡಬೇಕಾದವು ಸಣ್ಣ ಸಂಗತಿಗಳು. ಹಾಸಿಗೆಯ ಹೊದಿಕೆ ಇದ್ದು ಟವೆಲ್ ಇಲ್ಲದಿರುವುದು ಸಾಮಾನ್ಯ. ಕೊನೆಯ ದಿನದ ಶುಚಿಗೊಳಿಸುವ ಶುಲ್ಕ ಕೆಲವೆಡೆ ಬಾಡಿಗೆಯಲ್ಲಿರುತ್ತದೆ, ಕೆಲವೆಡೆ ಹೊರಡುವಾಗ ಕೇಳುತ್ತಾರೆ. ಈಜುಕೊಳದ ಹತ್ತಿರದ ಮನೆಯೇ ಬೇಕೆಂದು ಆರಿಸಿಕೊಂಡರೆ ಅದಕ್ಕೊಂದು ಶುಲ್ಕ, ನಿಗದಿತ ವೇಳೆಗಿಂತ ಮೊದಲೇ ಮನೆ ಬೇಕೆಂದರೆ ಮತ್ತೊಂದು. ಅನೇಕ ದೇಶಗಳಲ್ಲಿ ಸ್ಥಳೀಯ ಆಡಳಿತವು ಪ್ರವಾಸಿಗರಿಂದ ತಲೆಗಿಷ್ಟು, ರಾತ್ರಿಗಿಷ್ಟು ಎಂದು ತೆರಿಗೆಯನ್ನು ಪಡೆಯುತ್ತದೆ. ಅದು ಬಾಡಿಗೆಯೊಳಗಿಲ್ಲದೆ ರಿಸೆಪ್ಷನ್‌ನಲ್ಲೇ ಕಟ್ಟಬೇಕಾಗಿ ಬರುವುದೂ ಉಂಟು. 5 ಜನ 4 ರಾತ್ರಿ ಎಂದರೆ ಆ ಚಿಕ್ಕ ಮೊತ್ತವನ್ನು 20ರಿಂದ ಗುಣಿಸಬೇಕು, ಮಕ್ಕಳಿಗೆ ವಿನಾಯಿತಿಯಿದ್ದರೆ 12ರಿಂದ.

ಇನ್ನು ಆಟಗಳು. 4 ರಾತ್ರಿ ಎಂದರೆ ನಿಮ್ಮ ಕೈಗೆ ಸಿಗುವುದು 3 ಪೂರ್ಣ ದಿನ, ಆಚೆಗೊಂದು ಈಚೆಗೊಂದು ಅರ್ಧ ದಿನ. ದಿನಕ್ಕೆ ಎರಡು ಆಟದಂತೆ ಎಲ್ಲರೂ ಹೋದರೆ 30 ಟಿಕೆಟ್‌ಗಳಾಗುತ್ತವೆ, ಯಾರ ಜೇಬಿಗೂ ಅದು ಹಗುರವಲ್ಲ. ಅದರ ಬದಲು ಪ್ರತಿ ಮಗುವಿಗೂ ಎರಡು ಆಯ್ಕೆ, ಇಡೀ ಮನೆಮಂದಿಗೆ ಒಂದು ಆಟ ಎಂದು ಈಗಲೇ ಗೊತ್ತುಮಾಡಿ. ಇಲ್ಲಿ ಹೆಚ್ಚಿನವರು ತಪ್ಪುವ ಒಂದು ಕಡೆಯಿದೆ. ಆರು ವರ್ಷದ ಮಗುವನ್ನು ಹಲವು ಆಟಗಳಿಗೆ ಒಂಟಿಯಾಗಿ ಬಿಡುವುದಿಲ್ಲ. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು, ಆ ದೊಡ್ಡವರಿಗೂ ಟಿಕೆಟ್ ಬೇಕಾಗಬಹುದು. ಹೀಗಾಗಿ ದೊಡ್ಡ ಮಗುವಿಗೆ 2, ಚಿಕ್ಕ ಮಗುವಿಗೆ 2, ಜೊತೆಗೆ ಹೋಗುವವರಿಗೆ 2, ಎಲ್ಲರೂ ಕೂಡಿ ಆಡುವುದಕ್ಕೆ 5, ಒಟ್ಟು 11 ಟಿಕೆಟ್. ವಿಲೇಜ್‌ನವರ ದರಪಟ್ಟಿಯನ್ನು ತೆರೆದು ಈ 11ಕ್ಕೆ ಬೆಲೆ ಕಟ್ಟಿ, ಸಾಧ್ಯವಾದರೆ ಹೊರಡುವ ಮೊದಲೇ ಕಾಯ್ದಿರಿಸಿ. ಕಾಯ್ದಿರಿಸುವ ಮುನ್ನ ವಯಸ್ಸಿನ ಮಿತಿ ಮತ್ತು ಎತ್ತರದ ಮಿತಿಯನ್ನು ನೋಡಿ, ಎತ್ತರವನ್ನು ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆಯಿರಿ. ಹಗ್ಗದ ಸೇತುವೆಯ ಬುಡದವರೆಗೂ ಹೋಗಿ ಎರಡು ಅಂಗುಲ ಸಾಲದೆಂದು ಹಿಂದಿರುಗಿದ ಮಗುವನ್ನು ಸಮಾಧಾನಪಡಿಸಲು ಆಗುವ ಖರ್ಚು ಯಾವ ದರಪಟ್ಟಿಯಲ್ಲೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಅದು ಆಗಿದೆ.

ಮಕ್ಕಳಿಗೆ ಹಣದ ಮಿತಿಯನ್ನು ಹೇಳುವುದಕ್ಕಿಂತ ಸಲಗಳ ಮಿತಿಯನ್ನು ಹೇಳುವುದು ಒಳ್ಳೆಯದೆಂದು ನನ್ನ ಅನುಭವ. ಇಷ್ಟೇ ಹಣ ಎಂದರೆ ಅವರು ಚೌಕಾಸಿಗೆ ಇಳಿಯುತ್ತಾರೆ. ಎರಡು ಸಲ, ಯಾವುದು ಬೇಕೋ ನೀವೇ ಆರಿಸಿ ಎಂದರೆ ಪಟ್ಟಿಯನ್ನು ಮುಂದಿಟ್ಟುಕೊಂಡು ವಾರಗಟ್ಟಲೆ ಯೋಚಿಸುತ್ತಾರೆ, ಆ ಯೋಚನೆಯೇ ಅರ್ಧ ಪ್ರವಾಸ.

ಸೈಕಲ್‌ನ ವಿಷಯ ಬೇಗ ಮುಗಿಯುತ್ತದೆ. ಹಲವು ವಿಲೇಜ್‌ಗಳಲ್ಲಿ ಬಂದ ದಿನ ಮತ್ತು ಹೊರಡುವ ದಿನ ಬಿಟ್ಟರೆ ಒಳಗೆ ಕಾರು ಓಡಿಸುವಂತಿಲ್ಲವಾದ್ದರಿಂದ ಸೈಕಲ್ ಅಲ್ಲಿ ಬರೀ ಮೋಜಲ್ಲ, ಓಡಾಟದ ಸಾಧನ. ದಿನದ ಬಾಡಿಗೆಯನ್ನೂ ಇಡೀ ವಾಸದ ಬಾಡಿಗೆಯನ್ನೂ ಹೋಲಿಸಿ ನೋಡಿ. ಹೆಲ್ಮೆಟ್, ಬೀಗ, ಮಗುವಿನ ಸೀಟು ಇವು ಅದರಲ್ಲಿ ಸೇರಿವೆಯೇ ಎಂದು ಕೇಳಿ. ಕಾರಿನ ಮೇಲೆ ಕಟ್ಟಿಕೊಂಡು ಹೋಗಲು ಸಾಧ್ಯವಿದ್ದರೆ ಮನೆಯ ಸೈಕಲ್‌ಗಳನ್ನೇ ಒಯ್ಯಿರಿ. ನಿಮ್ಮ ಅತ್ತೆಯವರಿಗೆ ದೂರ ನಡೆಯಲು ಕಷ್ಟವಾಗುವುದಾದರೆ ಒಳಗೆ ಓಡಾಡುವ ವಾಹನವಿದೆಯೇ, ಅದು ಉಚಿತವೇ ಎಂದು ವಿಚಾರಿಸಿ. ಮಕ್ಕಳ ಸೈಕಲ್‌ಗಿಂತ ಈ ಪ್ರಶ್ನೆ ಮುಖ್ಯವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಹಿರಿಯರು ಮನೆಯಲ್ಲೇ ಉಳಿದರೆ ಅವರೊಡನೆ ಇನ್ನೊಬ್ಬರು ಉಳಿಯಬೇಕಾಗುತ್ತದೆ, ಕಟ್ಟಿದ ಟಿಕೆಟ್ ವ್ಯರ್ಥವಾಗುತ್ತದೆ.

ಎಲ್ಲರ ಕಣ್ಣೂ ಆಟಗಳ ದರಪಟ್ಟಿಯ ಮೇಲಿರುತ್ತದೆ, ಆದರೆ ಹಣ ಸೋರುವುದು ಊಟದಲ್ಲಿ. ನಿಮ್ಮದನ್ನೇ ಎಣಿಸೋಣ. ಮಧ್ಯಾಹ್ನದ ನಂತರ ತಲುಪಿ, ಕೊನೆಯ ದಿನ ತಿಂಡಿ ಮುಗಿಸಿ ಹೊರಡುತ್ತೀರಿ ಎಂದಿಟ್ಟುಕೊಂಡರೆ ಮೊದಲ ರಾತ್ರಿಯ ಊಟ 1, ಪೂರ್ಣ ದಿನಗಳ ಮೂರು ಹೊತ್ತು ಸೇರಿ 9, ಕೊನೆಯ ತಿಂಡಿ 1, ಒಟ್ಟು 11 ಹೊತ್ತು. 5 ಜನಕ್ಕೆ 55 ತಟ್ಟೆ. ಇದರಲ್ಲಿ ಹೊರಗೆ ತಿನ್ನುವುದು ಎಷ್ಟು ತಟ್ಟೆ ಎಂಬ ಒಂದು ತೀರ್ಮಾನವೇ ಉಳಿದೆಲ್ಲ ತೀರ್ಮಾನಗಳಿಗಿಂತ ದೊಡ್ಡದು. ಎರಡು ಹೊತ್ತು ಹೊರಗೆ ಎಂದರೆ 10 ತಟ್ಟೆ ಹೊರಗೆ, 45 ಮನೆಯಲ್ಲಿ. ಮನೆಯಲ್ಲಿ ಅಡುಗೆ ಎಂದೊಡನೆ ರಜೆಯಲ್ಲೂ ಒಬ್ಬರೇ ಒಲೆಯ ಮುಂದೆ ನಿಲ್ಲುವಂತಾಗಬಾರದು. ಯಾವ ಹೊತ್ತು ಯಾರ ಅಡುಗೆ, ಯಾರು ಪಾತ್ರೆ ತೊಳೆಯುವವರು ಎಂಬುದನ್ನೂ ಈ ಲೆಕ್ಕದ ಜೊತೆಗೇ ಬರೆದಿಡಿ. ಆ ಮಾತು ಮೊದಲೇ ಆಗದಿದ್ದರೆ ಎರಡನೆಯ ದಿನ ಸಂಜೆಯ ಹೊತ್ತಿಗೆ ಎಲ್ಲರೂ ಹೊರಗೇ ತಿನ್ನೋಣ ಎನ್ನುತ್ತಾರೆ, ಹಾಗೆನ್ನುವುದು ತಪ್ಪೂ ಅಲ್ಲ.

ಬಜೆಟ್ ಮುರಿಯುವುದು ಸಾಮಾನ್ಯವಾಗಿ ಮೊದಲ ರಾತ್ರಿಯೇ. ದಾರಿಯಲ್ಲಿ ತಡವಾಗಿರುತ್ತದೆ, ಮಕ್ಕಳು ಹಸಿದಿರುತ್ತಾರೆ, ಸಾಮಾನು ಬಿಚ್ಚಿರುವುದಿಲ್ಲ, ಒಳಗಿನ ಅಂಗಡಿ ಮುಚ್ಚುವ ಹೊತ್ತಾಗಿರುತ್ತದೆ. ಹೀಗೆ ಯೋಜನೆಯಲ್ಲಿಲ್ಲದ 5 ತಟ್ಟೆ ಊಟ ಹೊರಗಾಗುತ್ತದೆ. ಆದ್ದರಿಂದ ಮೊದಲ ರಾತ್ರಿಯ ಊಟವನ್ನು, ಬಿಸಿಮಾಡಿದರೆ ಸಾಕೆನ್ನುವಂತೆ, ಮನೆಯಿಂದಲೇ ಸಿದ್ಧಪಡಿಸಿಕೊಂಡು ಎಲ್ಲ ಚೀಲಗಳ ಮೇಲೆ ಸಿಗುವ ಹಾಗೆ ಇಡಿ. ಒಳಗಿನ ಅಂಗಡಿಯಲ್ಲಿ ಹಾಲು, ಬ್ರೆಡ್‌ನಂತಹ ಕೆಡುವ ವಸ್ತುಗಳನ್ನಷ್ಟೇ ಕೊಳ್ಳುವುದು ಲೇಸು. ನಾವು ಮೊದಲ ಸಲ ಹೋದಾಗ ಉಪ್ಪು, ಎಣ್ಣೆ, ಸಕ್ಕರೆ, ಪಾತ್ರೆ ತೊಳೆಯುವ ಸೋಪು, ಕಸದ ಚೀಲ ಎಲ್ಲವನ್ನೂ ಅಲ್ಲಿಯೇ ದೊಡ್ಡ ಪ್ಯಾಕೆಟ್‌ಗಳಲ್ಲಿ ಕೊಂಡು, ಮುಕ್ಕಾಲು ಪಾಲನ್ನು ಅಲ್ಲಿಯೇ ಬಿಟ್ಟು ಬಂದೆವು. ಈಗ ಇವೆಲ್ಲ ಸಣ್ಣ ಡಬ್ಬಿಗಳಲ್ಲಿ ನಮ್ಮ ಜೊತೆಗೇ ಹೊರಡುತ್ತವೆ.

ಊಟಕ್ಕಿಂತ ಸದ್ದಿಲ್ಲದೆ ಸಾಗುವುದು ಈಜುಕೊಳದ ಪಕ್ಕದ ಕೌಂಟರ್. ನೀರಿನಿಂದ ಎದ್ದ ಮಕ್ಕಳಿಗೆ ಹಸಿವಾಗುವುದು ಸಹಜ. ನೀವು 5 ಜನರಲ್ಲಿ ಒಬ್ಬೊಬ್ಬರಿಗೆ ದಿನಕ್ಕೊಂದು ಐಸ್‌ಕ್ರೀಮ್ ಅಥವಾ ಪಾನೀಯ ಎಂದರೂ 4 ದಿನಕ್ಕೆ 20 ಆಗುತ್ತವೆ. ಇದನ್ನು ನಿಷೇಧಿಸಬೇಡಿ, ನಡೆಯುವುದಿಲ್ಲ. 20 ಎಂದೇ ಬರೆದುಕೊಳ್ಳಿ, ಜೊತೆಗೆ ತಿನ್ನಲು ಏನಾದರೂ ಕಟ್ಟಿಕೊಂಡು ಹೋದರೆ ಅದು 10ಕ್ಕೆ ಇಳಿಯಬಹುದು. ಲಾಕರ್‌ಗೆ ನಾಣ್ಯ ಬೇಕೇ, ಈಜುಡುಗೆಯ ಬಗ್ಗೆ ನಿಯಮವಿದೆಯೇ, ಚಿಕ್ಕವರಿಗೆ ತೇಲುಪಟ್ಟಿ ಅಲ್ಲೇ ಕೊಡುತ್ತಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಮರೆತು ಹೋದವರು ಅಲ್ಲಿ ಹೇಳಿದ ಬೆಲೆಗೆ ಕೊಳ್ಳಬೇಕಾಗುತ್ತದೆ.

ಇಂತಹ ಖರ್ಚು ಕಣ್ಣಿಗೆ ಬೀಳದಿರಲು ಕಾರಣವೊಂದಿದೆ. ಫ್ರಾನ್ಸ್‌ನ ಕ್ಲಬ್ ಮೆಡ್ ಸಂಸ್ಥೆಯ ಹಳೆಯ ರಜಾ ಗ್ರಾಮಗಳಲ್ಲಿ ಅತಿಥಿಗಳು ಕೊರಳಿನ ಮಣಿಸರದಿಂದ ಮಣಿಗಳನ್ನು ಬಿಡಿಸಿ ಕೊಟ್ಟು ಪಾನೀಯ ಪಡೆಯುತ್ತಿದ್ದರು. ಈಜುಡುಗೆಯಲ್ಲಿ ಪರ್ಸ್ ಇಟ್ಟುಕೊಳ್ಳುವುದೆಲ್ಲಿ? ಇಂದು ಹಲವೆಡೆ ಆ ಮಣಿಯ ಜಾಗಕ್ಕೆ, ತಾಗಿಸಿದರೆ ಖರ್ಚು ಬಿಲ್ಲಿಗೆ ಸೇರುವ ಮಣಿಕಟ್ಟಿನ ಬ್ಯಾಂಡ್ ಬಂದಿದೆ. ವ್ಯತ್ಯಾಸವೆಂದರೆ ಮಣಿಗಳು ಮುಗಿಯುತ್ತಿದ್ದವು, ಬ್ಯಾಂಡ್ ಮುಗಿಯುವುದಿಲ್ಲ. ಸಂಶೋಧಕರಾದ ಡ್ರಾಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳಿಗೆ ಹರಾಜು ಕೂಗಿಸಿದಾಗ, ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಬೇಕಾದವರು ನಗದಿನಲ್ಲಿ ಕಟ್ಟಬೇಕಾದವರ ಸುಮಾರು ಎರಡರಷ್ಟು ಕೂಗಿದ್ದರು. ಹಾಗೆಂದು ಬ್ಯಾಂಡನ್ನು ಬೇಡವೆನ್ನುವುದು ಕಷ್ಟ. ಮನೆಯ ಬಾಗಿಲು ತೆರೆಯುವುದೂ ಅದೇ ಆಗಿರಬಹುದು. ಆದರೆ ಮಕ್ಕಳ ಬ್ಯಾಂಡ್‌ಗೆ ಪಾವತಿಯನ್ನು ಜೋಡಿಸಬೇಡಿ ಎಂದು ಚೆಕ್-ಇನ್ ವೇಳೆಯಲ್ಲೇ ಹೇಳಿ, ಪ್ರತಿ ರಾತ್ರಿ ಮಲಗುವ ಮುನ್ನ ಅಂದಿನ ಬಿಲ್ಲನ್ನು ಒಮ್ಮೆ ನೋಡಿ. ತಪ್ಪಾಗಿ ಸೇರಿದ ಬಾಬತ್ತನ್ನು ಅದೇ ದಿನ ತೆಗೆಸುವುದು ಸುಲಭ, ಹೊರಡುವ ಬೆಳಿಗ್ಗೆಯ ಸಾಲಿನಲ್ಲಿ ನಿಂತು ತೆಗೆಸುವುದು ಕಷ್ಟ. ಆಟಿಕೆ, ನೆನಪಿನ ವಸ್ತುಗಳಿಗೆ ಮಾತ್ರ ಮಕ್ಕಳ ಕೈಗೇ ಮೊದಲ ದಿನ ಒಂದು ಮೊತ್ತವನ್ನು ನಗದಾಗಿ ಕೊಟ್ಟುಬಿಡಿ. ಅದರ ಮೇಲೆ ಮತ್ತೆ ಕೊಡುವುದಿಲ್ಲ ಎಂಬ ಮಾತಿಗೆ ನೀವೂ ಬದ್ಧರಾಗಿರಬೇಕು. ಅಜ್ಜಿಯನ್ನು ಆ ಮಾತಿಗೆ ಒಪ್ಪಿಸುವುದು ನಿಮ್ಮ ಪಾಲಿನ ಕಷ್ಟದ ಕೆಲಸವಾಗಬಹುದು.

ಠೇವಣಿಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ಹಾನಿಯಾದರೆ ಮುರಿದುಕೊಳ್ಳಲು ಕಾರ್ಡಿನ ಮೇಲೆ ಹಿಡಿದಿಡುವ ಮೊತ್ತ ಖರ್ಚಲ್ಲ, ಆದರೆ ಅದು ಬಿಡುಗಡೆಯಾಗುವವರೆಗೆ ಆ ಹಣ ನಿಮ್ಮ ಕೈಯಲ್ಲಿರುವುದಿಲ್ಲ, ಬಿಡುಗಡೆಗೆ ಕೆಲವು ದಿನಗಳೇ ಹಿಡಿಯಬಹುದು. ಡೆಬಿಟ್ ಕಾರ್ಡ್ ಕೊಟ್ಟರೆ ಹಿಂದಿರುಗುವ ದಾರಿಯ ಇಂಧನಕ್ಕೆ ಖಾತೆಯಲ್ಲಿ ಹಣವಿಲ್ಲದ ಸ್ಥಿತಿ ಬರಬಹುದಾದ್ದರಿಂದ ಠೇವಣಿಗೂ ದಿನದ ಖರ್ಚಿಗೂ ಬೇರೆ ಬೇರೆ ಕಾರ್ಡ್ ಬಳಸುವುದು ಕ್ಷೇಮ. ಮನೆಯೊಳಗೆ ಕಾಲಿಟ್ಟ ತಕ್ಷಣ, ಚೀಲಗಳನ್ನು ಒಳಗೆ ತರುವುದಕ್ಕೂ ಮೊದಲು, ಪ್ರತಿ ಕೋಣೆಯ ಫೋಟೋ ತೆಗೆದಿಡಿ. ಒಡೆದ ಲೋಟ, ಸೋಫಾದ ಕಲೆ ಕಂಡರೆ ಅಂದೇ ರಿಸೆಪ್ಷನ್‌ಗೆ ಬರೆದು ತಿಳಿಸಿ.

ಕೊನೆಯದಾಗಿ ಮೀಸಲು ಹಣ. ಹೊರಾಂಗಣದಲ್ಲಿ ಕಳೆಯಬೇಕೆಂದಿದ್ದ ದಿನ ಮಳೆ ಬಂದರೆ ಏನಾಗುತ್ತದೆ ಎಂದು ಯೋಚಿಸಿ ನೋಡಿದರೆ ಮೀಸಲಿನ ಅಳತೆ ತಾನಾಗಿಯೇ ಸಿಗುತ್ತದೆ. ಎಲ್ಲರೂ ಒಳಾಂಗಣದ ಒಂದು ಆಟಕ್ಕೆ ಹೋಗುತ್ತೀರಿ, ಒಂದು ಹೊತ್ತು ಹೊರಗೆ ತಿನ್ನುತ್ತೀರಿ. ಅಂದರೆ 5 ಟಿಕೆಟ್, 5 ತಟ್ಟೆ. ಇದನ್ನು ಪ್ರತ್ಯೇಕ ಲಕೋಟೆಯಲ್ಲಿಡಿ, ಮಳೆ ಬರದಿದ್ದರೆ ಮುಟ್ಟಬೇಡಿ. ಮಕ್ಕಳ ಜ್ವರದ ಔಷಧ, ಬ್ಯಾಂಡೇಜ್ ಇತ್ಯಾದಿಗಳನ್ನು ಮನೆಯಿಂದಲೇ ಒಯ್ದರೆ ಅದಕ್ಕೆ ಬೇರೆ ಮೀಸಲು ಬೇಡ. ನೀವು ಹಿಂದೆ ಯಾವುದಾದರೂ ಇಂತಹ ಪ್ರವಾಸ ಮಾಡಿದ್ದರೆ ಆ ವಾರದ ಬ್ಯಾಂಕ್ ಲೆಕ್ಕವನ್ನು ತೆರೆದು ನೋಡಿ, ನಿಮ್ಮ ನೆನಪಿನಲ್ಲಿರುವ ಮೊತ್ತಕ್ಕಿಂತ ಅದು ಹೆಚ್ಚು ನಂಬಲರ್ಹ.

ಈಗ ನಿಮ್ಮ ಲೆಕ್ಕ ಹೀಗೆ ನಿಲ್ಲುತ್ತದೆ: ಆಟದ ಟಿಕೆಟ್ 11, ಹೊರಗಿನ ಊಟ 10 ತಟ್ಟೆ, ಕೊಳದ ಪಕ್ಕದ ತಿನಿಸು 20, ಬೇಕಾದಷ್ಟು ಸೈಕಲ್, ತೆರಿಗೆ, ಟವೆಲ್, ಮಳೆಯ ದಿನದ ಮೀಸಲು. ಇವಕ್ಕೆ ಅಲ್ಲಿಯ ಬೆಲೆಗಳನ್ನು ಹಾಕಿ ಕೂಡಿಸಿ, ಮನೆಯಲ್ಲಿ ಮಾಡುವ 45 ತಟ್ಟೆಯ ದಿನಸಿಯನ್ನು ಇದರೊಡನೆ ಸೇರಿಸಬೇಡಿ, ಮನೆಯಲ್ಲಿದ್ದರೂ ಅದನ್ನು ತಿನ್ನುತ್ತಿದ್ದಿರಿ. ಮೊತ್ತ ನಿಮ್ಮ ಕೈಮೀರಿದರೆ ಮೊದಲು ಎರಡನೆಯ ಹೊರಗಿನ ಊಟವನ್ನು ಬಿಡಿ, ನಂತರ ದೊಡ್ಡವರ ಸೈಕಲ್‌ಗಳನ್ನು; ಮಕ್ಕಳ ಎರಡು ಆಯ್ಕೆಗಳನ್ನು ಕೊನೆಯವರೆಗೂ ಮುಟ್ಟಬೇಡಿ. ದರಪಟ್ಟಿ ಸಿಕ್ಕ ಮೇಲೆ ಇಲ್ಲಿಯೇ ಹಾಕಿದರೆ ಕೂಡಿಸಿ ನೋಡಲು ನಾನೂ ಜೊತೆಯಾಗುತ್ತೇನೆ.